ಡೌನ್ ಕೋಟೋ, ಉಣ್ಣೆ ಕೋಟೋ? ಕಾಸರಗೋಡಿನ ಕಪಾಟಿನಿಂದ ನೋಡಿದರೆ

ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ಮನೆಗಳಲ್ಲಿ ಆಟಿ ತಿಂಗಳು (ಜುಲೈ–ಆಗಸ್ಟ್) ಬಂತೆಂದರೆ ಈಗೀಗ ಒಂದು ಪ್ರಶ್ನೆ ಖಾಯಂ. ಮಗಳು ನರ್ಸ್ ಕೆಲಸಕ್ಕೆ ಐರ್ಲೆಂಡಿಗೆ ಹೊರಟಿದ್ದಾಳೆ, ಮಗ ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದಾನೆ, ಇಲ್ಲವೇ ಕೆನಡಾದಲ್ಲಿರುವ ಮಗನ ಮನೆಗೆ ಅಪ್ಪ ಅಮ್ಮ ಡಿಸೆಂಬರಿನಲ್ಲಿ ಹೋಗುವವರಿದ್ದಾರೆ. ಎಂಥ ಕೋಟು ತೆಗೆಯುವುದು? ಜನವರಿಯ ಬೆಳಗ್ಗೆ 20 ಡಿಗ್ರಿಗೆ ಇಳಿದರೆ “ಎಂಥ ಚಳಿ ಮಾರಾಯ್ರೇ” ಎಂದು ತಲೆಗೆ ಬೈರಾಸು ಸುತ್ತುವ ಊರು ನಮ್ಮದು. ಮೈನಸ್ ಇಪ್ಪತ್ತರ ಚಳಿಗೆ ಏನು ಬೇಕೆಂದು ಇಲ್ಲಿ ಕೂತು ಅಂದಾಜು ಮಾಡುವುದು ಕಷ್ಟವೇ. ಹಾಗಾಗಿ ಎಲ್ಲರೂ ಕೇಳುವುದು ಒಂದೇ ಮಾತು: ಬಾತಿನ ತುಪ್ಪಳ ತುಂಬಿದ ಡೌನ್ ಕೋಟೋ, ಉಣ್ಣೆ ಕೋಟೋ, ಯಾವುದು ಹೆಚ್ಚು ಬೆಚ್ಚಗೆ?

ಅದಕ್ಕೆ ಉತ್ತರ ಸುಲಭ. ತೂಕಕ್ಕೆ ತೂಕ ಇಟ್ಟು ನೋಡಿದರೆ ಡೌನ್ ಗೆಲ್ಲುತ್ತದೆ, ಚರ್ಚೆಗೆ ಜಾಗವೇ ಇಲ್ಲ. ಆದರೆ ಕೋಟು ಆರಿಸಲು ಅಷ್ಟು ಸಾಲದು. ನಮ್ಮ ಕಡೆಯವರು ಮೊದಲು ಕೇಳಬೇಕಾದದ್ದು ನೀರಿನ ವಿಚಾರ. ಹೋಗುವ ಊರಿನಲ್ಲಿ ಬೀಳುವುದು ಹಿಮವೋ ಮಳೆಯೋ? ಊರಿಗೆ ತಂದ ಮೇಲೆ ಆ ಕೋಟು ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವ ಕಪಾಟಿನಲ್ಲಿ ಕೂರುತ್ತದೆ? ಇವೆರಡು ಗೊತ್ತಾದರೆ ಮುಕ್ಕಾಲು ತೀರ್ಮಾನ ಆದ ಹಾಗೆ.

ಕೋಟು ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಮೈಯ ಶಾಖ ಹೊರಗೆ ಹೋಗುವುದನ್ನು ತಡಮಾಡುತ್ತದೆ, ಅದೂ ಬಟ್ಟೆಯ ಬಲದಿಂದ ಅನ್ನುವುದಕ್ಕಿಂತ ಬಟ್ಟೆ ಹಿಡಿದಿಟ್ಟ ಅಲುಗಾಡದ ಗಾಳಿಯ ಬಲದಿಂದ. ಈ ತಡೆಯನ್ನು ಅಳೆಯಲು 1941ರಲ್ಲಿ ‘ಕ್ಲೋ’ ಎಂಬ ಮಾನ ಬಂತು. 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕೂತ ಮನುಷ್ಯನಿಗೆ ಹಿತವೆನಿಸುವಷ್ಟು ಉಡುಪು, ಅಂದರೆ ಹೆಚ್ಚುಕಡಿಮೆ ಒಂದು ಸೂಟು, ಒಂದು ಕ್ಲೋ. ಗಾಳಿ ಹಿಡಿದ ಹೊದಿಕೆ ಒಂದು ಸೆಂಟಿಮೀಟರ್ ದಪ್ಪ ಇದ್ದರೆ ಸುಮಾರು ಒಂದೂವರೆ ಕ್ಲೋ ಸಿಗುತ್ತದೆ. ಅದು ಉಣ್ಣೆಯೋ ಡೌನೋ ಹತ್ತಿಯೋ ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ, ದಪ್ಪ ಮುಖ್ಯ. ಒಳ್ಳೆಯ ಉಣ್ಣೆ ಕೋಟಿನ ಬಟ್ಟೆ ಮೂರು ನಾಲ್ಕು ಮಿಲಿಮೀಟರ್ ದಪ್ಪ ಇದ್ದೀತು, ಕೋಟಿನ ತೂಕ ಒಂದೂವರೆಯಿಂದ ಎರಡೂವರೆ ಕೆ.ಜಿ. ಅದರ ಅರ್ಧ ತೂಕದ ಡೌನ್ ಜಾಕೆಟ್ ಎರಡು ಮೂರು ಸೆಂಟಿಮೀಟರ್ ಉಬ್ಬಿ ನಿಲ್ಲುತ್ತದೆ. ವ್ಯತ್ಯಾಸ ಅಲ್ಲಿದೆ.

ಡೌನ್ ಎಂದರೆ ಬಾತು ಮತ್ತು ಹೆಬ್ಬಾತುಗಳ ಎದೆ ಹೊಟ್ಟೆಯ ಮೇಲೆ, ಗರಿಗಳ ಅಡಿಯಲ್ಲಿ ಇರುವ ತುಪ್ಪಳ. ಗರಿಗೆ ಇರುವ ನಡುದಂಟು ಇದಕ್ಕೆ ಇಲ್ಲ. ಒಂದು ಚುಕ್ಕಿಯಿಂದ ಎಲ್ಲ ದಿಕ್ಕಿಗೂ ನವಿರಾದ ಎಳೆಗಳು ಹೊರಟು ಪುಟ್ಟ ಉಂಡೆಯಾಗಿರುತ್ತವೆ. ಅದುಮಿದರೆ ಕುಗ್ಗುತ್ತದೆ, ಬಿಟ್ಟರೆ ಪುನಃ ಅರಳುತ್ತದೆ. ಈ ಅರಳುವಿಕೆಯನ್ನೇ ಅಳೆದು ‘ಫಿಲ್ ಪವರ್’ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಒಂದು ಔನ್ಸ್, ಅಂದರೆ 28 ಗ್ರಾಂ ಚಿಲ್ಲರೆ ಡೌನ್ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬ ಲೆಕ್ಕ ಅದು. 600 ಎಂದಿದ್ದರೆ ಸುಮಾರು 9.8 ಲೀಟರ್, 800 ಎಂದಿದ್ದರೆ ಸುಮಾರು 13 ಲೀಟರ್.

ಅಂಗಡಿಯವರು ಈ ಒಂದೇ ಅಂಕಿ ತೋರಿಸಿ ಮಾರುತ್ತಾರೆ. ಮೋಸ ಹೋಗುವುದು ಇಲ್ಲೇ. ಫಿಲ್ ಪವರ್ ಹೇಳುವುದು ಡೌನ್ ಎಂಥದ್ದು ಎಂದು ಮಾತ್ರ, ಎಷ್ಟು ತುಂಬಿದ್ದಾರೆ ಎಂದಲ್ಲ. 800ರ ಡೌನ್ 75 ಗ್ರಾಂ ತುಂಬಿದರೂ 600ರದ್ದು 100 ಗ್ರಾಂ ತುಂಬಿದರೂ ಒಟ್ಟು ಉಬ್ಬು ಒಂದೇ, ಸುಮಾರು 35 ಲೀಟರ್. ಬೆಚ್ಚಗೂ ಒಂದೇ. ಹೆಚ್ಚು ಕೊಟ್ಟ ದುಡ್ಡಿಗೆ ಸಿಕ್ಕಿದ್ದು 25 ಗ್ರಾಂ ಹಗುರ, ಅಷ್ಟೆ. ಬೆಟ್ಟ ಹತ್ತುವವರಿಗೆ ಅದು ಬೇಕು, ಬಸ್ ಕಾಯುವವರಿಗೆ ಬೇಡ. ನಾನಾದರೆ ನಗರದ ಬಳಕೆಗೆ 600–650ಕ್ಕೇ ನಿಲ್ಲಿಸಿ, ತುಂಬಿದ ತೂಕ ಎಷ್ಟೆಂದು ಒತ್ತಿ ಕೇಳುತ್ತೇನೆ. ಸ್ವೆಟರಿನ ಹಾಗೆ ಹಾಕುವ ತೆಳು ಜಾಕೆಟ್ಟಿಗೆ ನೂರು ಗ್ರಾಂ ಆಸುಪಾಸು ಇದ್ದರೆ ಸಾಕು. ಹಿಮ ಬೀಳುವ ಊರಿನ ನಿಜವಾದ ಚಳಿಗೆ ತೊಡೆ ಮುಚ್ಚುವಷ್ಟು ಉದ್ದ ಮತ್ತು ಇನ್ನೂರು ಗ್ರಾಮಿಗೂ ಮಿಗಿಲು ಬೇಕು. “ಮೈನಸ್ 20ಕ್ಕೆ ತಡೆಯುತ್ತದೆ” ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಮಲಗುವ ಸ್ಲೀಪಿಂಗ್ ಬ್ಯಾಗುಗಳನ್ನು ಪರೀಕ್ಷಿಸಿ ಡಿಗ್ರಿ ಹೇಳಲು ಅಂತಾರಾಷ್ಟ್ರೀಯ ಕ್ರಮವೊಂದು ಬಳಕೆಯಲ್ಲಿದೆ. ಅಂಗಡಿಯಲ್ಲಿ ನೇತು ಹಾಕಿದ ಸಾಮಾನ್ಯ ಜಾಕೆಟ್ಟುಗಳ ಮೇಲಿನ ಡಿಗ್ರಿ ಹೆಚ್ಚಾಗಿ ಮಾರುವವರ ಅಂದಾಜು.

ಉಣ್ಣೆಯ ದಾರಿ ಬೇರೆ. ಎಳೆ ಸುರುಳಿ ಸುರುಳಿಯಾಗಿರುವುದರಿಂದ ಅದೂ ಗಾಳಿ ಹಿಡಿಯುತ್ತದೆ, ಡೌನಿನಷ್ಟು ಅಲ್ಲ. ಆದರೆ ಉಣ್ಣೆಯ ಎಳೆಯ ಹೊರಮೈ ನೀರನ್ನು ದೂಡುತ್ತದೆ, ಒಳಗಿನ ತಿರುಳು ನೀರಿನ ಆವಿಯನ್ನು ಹೀರುತ್ತದೆ. ತನ್ನ ತೂಕದ ಮೂರರಲ್ಲೊಂದು ಪಾಲು ತೇವ ಹೀರಿದರೂ ಕೈಗೆ ಚಂಡಿ ಅನಿಸುವುದಿಲ್ಲ. ಇನ್ನೊಂದು ವಿಶೇಷವೆಂದರೆ ಆವಿ ಹೀರುವಾಗ ಉಣ್ಣೆ ಸ್ವಲ್ಪ ಶಾಖ ಬಿಡುತ್ತದೆ. ಬಿಸಿ ಕೋಣೆಯಿಂದ ಹೊರಗಿನ ಥಂಡಿ ತೇವದ ಗಾಳಿಗೆ ಕಾಲಿಟ್ಟ ಮೊದಲ ಕೆಲವು ನಿಮಿಷ ಉಣ್ಣೆ ಕೋಟು ಆಘಾತ ಕಡಿಮೆ ಮಾಡುವುದು ಇದರಿಂದಲೇ. ಘಟ್ಟದ ಮೇಲಿನವರು ಕಂಬಳಿ ಕೊಪ್ಪೆ ಹಾಕಿಕೊಂಡು ಜಡಿಮಳೆಗೆ ಗದ್ದೆಗೆ ಇಳಿಯುತ್ತಿದ್ದುದು ಸುಮ್ಮನೆ ಅಲ್ಲ. ಕಂಬಳಿ ನೀರು ಕುಡಿದು ಭಾರವಾಗುತ್ತಿತ್ತು, ಆದರೂ ಒಳಗೆ ಮೈ ಬೆಚ್ಚಗಿರುತ್ತಿತ್ತು.

ಡೌನ್ ಚಂಡಿಯಾದರೆ ಕಥೆ ಮುಗಿಯಿತು. ಅರಳಿ ನಿಂತ ಉಂಡೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಉಬ್ಬು ಹೋಗುತ್ತದೆ, ಗಾಳಿ ಇದ್ದ ಕಡೆ ನೀರು ನಿಲ್ಲುತ್ತದೆ. ನಿಂತ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಶಾಖ ಸಾಗಿಸುತ್ತದೆ. ನೀರು ನಿರೋಧಕ ಲೇಪ ಕೊಟ್ಟ ಡೌನ್ ಈಗ ಸಿಗುತ್ತದೆ, ಜಾಕೆಟ್ಟಿನ ಹೊರಬಟ್ಟೆಗೂ ಲೇಪ ಇರುತ್ತದೆ. ಅವು ಹಿಮಕ್ಕೆ, ತುಂತುರಿಗೆ ಸಾಕು. ಅರ್ಧ ಗಂಟೆ ಸುರಿವ ಮಳೆಗೆ ಸಾಲದು.

ಇದೇನೂ ಹೊಸ ಜಗಳವಲ್ಲ. 1922ರ ಎವರೆಸ್ಟ್ ತಂಡದಲ್ಲಿ ಜಾರ್ಜ್ ಫಿಂಚ್ ಎಂಬವರು ಬಲೂನಿನ ಬಟ್ಟೆಗೆ ಈಡರ್ ಬಾತಿನ ಡೌನ್ ತುಂಬಿಸಿ ಕೋಟು ಹೊಲಿಸಿಕೊಂಡು ಹೋದರು. ಉಣ್ಣೆ, ಟ್ವೀಡು ಹಾಕಿದ ಜೊತೆಗಾರರಿಗೆ ಅದು ತಮಾಷೆಯಾಗಿ ಕಂಡಿತ್ತು. ಫಿಂಚ್ ಆ ವರ್ಷ 8,300 ಮೀಟರ್ ದಾಟಿದರು. ಎರಡು ವರ್ಷದ ಮೇಲೆ ಅದೇ ಬೆಟ್ಟದಲ್ಲಿ ಕಣ್ಮರೆಯಾದ ಬ್ರಿಟಿಷ್ ಪರ್ವತಾರೋಹಿ ಜಾರ್ಜ್ ಮ್ಯಾಲರಿಯವರ ದೇಹ 1999ರಲ್ಲಿ ಸಿಕ್ಕಿತು. ಮೈಮೇಲಿದ್ದುದು ರೇಷ್ಮೆ, ಹತ್ತಿ, ಉಣ್ಣೆಯ ಪದರಗಳು, ಮೇಲೆ ಗ್ಯಾಬರ್ಡೀನು ಎಂಬ ಬಿಗಿ ನೇಯ್ಗೆಯ ಬಟ್ಟೆ. ಆ ಚೂರುಗಳನ್ನು ನೋಡಿ ಹಾಗೆಯೇ ನೇಯಿಸಿ 2006ರಲ್ಲಿ ಎವರೆಸ್ಟಿನಲ್ಲಿ ಹಾಕಿ ನೋಡಿದಾಗ ನಡೆಯುತ್ತಿರುವಷ್ಟು ಹೊತ್ತು ಅದು ಚೆನ್ನಾಗಿಯೇ ಕೆಲಸ ಮಾಡಿತು. ನಡೆಯುವವನಿಗೆ ಪದರದ ಉಣ್ಣೆ, ನಿಂತು ಕಾಯುವವನಿಗೆ ಡೌನ್ ಎಂಬುದು ಇವತ್ತಿನ ಬಸ್ ಸ್ಟಾಪಿಗೂ ಅನ್ವಯಿಸುತ್ತದೆ.

ಈಗ ಊರುಗಳಿಗೆ ಬರೋಣ. ಡಬ್ಲಿನ್, ಲಂಡನ್ ಕಡೆ ಜನವರಿಯಲ್ಲಿ ಸಾಮಾನ್ಯವಾಗಿ ರಾತ್ರಿ ಎರಡು ಮೂರು ಡಿಗ್ರಿ, ಹಗಲು ಎಂಟರ ಹತ್ತಿರ. ಹಿಮ ಕಡಿಮೆ, ತುಂತುರು ಹೆಚ್ಚು, ಡಬ್ಲಿನ್ನಿನಲ್ಲಿ ಗಾಳಿಯೂ ಜೋರು. ಅಂಥಲ್ಲಿಗೆ ದಪ್ಪ ಡೌನ್ ಪಾರ್ಕಾ (ಉದ್ದನೆಯ ಚಳಿ ಜಾಕೆಟ್) ಹೊತ್ತುಕೊಂಡು ಹೋಗುವುದು ದಂಡ. ಬೇಕಾದದ್ದು ಎರಡು. ಒಳ್ಳೆಯ ಉಣ್ಣೆ ಕೋಟು ಒಂದು, ಒಳಗೆ ಸ್ವೆಟರ್ ಹಾಕಿಯೂ ಮೇಲೆ ತೊಡಬಹುದಾದ ಟೊಪ್ಪಿ ಇರುವ ನೀರು ನಿರೋಧಕ ಜಾಕೆಟ್ ಒಂದು. ತುಂತುರಿಗೆ, ಆಫೀಸಿಗೆ, ಸಂದರ್ಶನಕ್ಕೆ ಕೋಟು. ಸುರಿಮಳೆಗೆ ಜಾಕೆಟ್. ಕೊಡೆ ನೆಚ್ಚಿಕೊಂಡು ಹೋಗುವುದು ನಮ್ಮ ಅಭ್ಯಾಸ, ಆದರೆ ಅಲ್ಲಿನ ಅಡ್ಡಗಾಳಿಗೆ ಕೊಡೆ ಮಗುಚಿಕೊಳ್ಳುತ್ತದೆ.

ಕೆನಡಾದ ವಿನಿಪೆಗ್‌ನ ವಿಷಯ ತಿರುಗುಮುರುಗು. ಜನವರಿಯ ಸರಾಸರಿಯೇ ಮೈನಸ್ ಹದಿನಾರರ ಸುಮಾರಿಗೆ ಇರುತ್ತದೆ, ರಾತ್ರಿ ಇನ್ನೂ ಕೆಳಗೆ. ಅಷ್ಟು ಚಳಿಗೆ ಗಾಳಿಯಲ್ಲಿ ತೇವ ನಿಲ್ಲುವುದಿಲ್ಲ, ಬಿದ್ದ ಹಿಮ ಪುಡಿಯ ಹಾಗೆ ಕೊಡವಿದರೆ ಉದುರುತ್ತದೆ. ಡೌನಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೊಣಕಾಲ ತನಕ ಬರುವ, ಟೊಪ್ಪಿ ಇರುವ ಡೌನ್ ಪಾರ್ಕಾ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಅದನ್ನು ಇಲ್ಲಿಂದ ಒಯ್ಯುವುದಕ್ಕಿಂತ ಅಲ್ಲೇ ಕೊಳ್ಳುವುದು ವಾಸಿ, ಅಲ್ಲಿನ ಅಂಗಡಿಯವರಿಗೆ ಅಲ್ಲಿನ ಚಳಿ ಗೊತ್ತು. ಇಳಿದ ದಿನ ವಿಮಾನ ನಿಲ್ದಾಣದಿಂದ ಮನೆ ಸೇರುವ ಮಟ್ಟಿಗೆ ಥರ್ಮಲ್ ಒಳಉಡುಪು, ಸ್ವೆಟರ್, ಒಂದು ಜಾಕೆಟ್ ಇದ್ದರಾಯಿತು.

ತೊಂದರೆ ಕೊಡುವುದು ನಡುವಿನ ಊರುಗಳು. ಬರ್ಲಿನ್, ಟೊರಾಂಟೊಗಳಲ್ಲಿ ಸೊನ್ನೆಯ ಆಚೆ ಈಚೆ ಓಲಾಡುತ್ತಲೇ ಇರುತ್ತದೆ. ಬೆಳಗ್ಗೆ ಹಿಮ, ಮಧ್ಯಾಹ್ನ ಕರಗಿದ ನೀರು, ಸಂಜೆ ಅದೇ ಗಟ್ಟಿ ಮಂಜುಗಡ್ಡೆ. ಮೈನಸ್ ಹತ್ತರ ಒಣ ಚಳಿಗಿಂತ ಒಂದು ಡಿಗ್ರಿಯ ಹಸಿ ಹಿಮ ಡೌನಿಗೆ ಕೇಡು. ಇಂಥಲ್ಲಿ ನನ್ನ ಆಯ್ಕೆ ನೂರು ಗ್ರಾಂ ಆಸುಪಾಸಿನ ತೆಳು ಡೌನ್ ಜಾಕೆಟ್ ಒಳಗೆ, ಅದರ ಮೇಲೆ ಒಂದು ಅಳತೆ ದೊಡ್ಡದಾದ ಉಣ್ಣೆ ಕೋಟು ಅಥವಾ ನೀರು ನಿರೋಧಕ ಜಾಕೆಟ್. ಡೌನ್ ಒಳಗೆ ಇದ್ದಾಗ ಚಂಡಿಯಾಗುವುದಿಲ್ಲ. ಆದರೆ ಮೇಲಿನ ಕೋಟು ಬಿಗಿಯಾದರೆ ಡೌನ್ ಅಪ್ಪಚ್ಚಿಯಾಗಿ ಕೆಲಸ ನಿಲ್ಲಿಸುತ್ತದೆ, ಅದಕ್ಕೇ ಒಂದು ಅಳತೆ ದೊಡ್ಡದು ಎಂದದ್ದು. ಬೆನ್ನಿಗೆ ಭಾರದ ಬ್ಯಾಗು ಹಾಕುವ ವಿದ್ಯಾರ್ಥಿಗಳಿಗೂ ಇದೇ ತೊಡಕು. ಪಟ್ಟಿ ಕೂತ ಹೆಗಲಿನಲ್ಲಿ ಡೌನ್ ಚಪ್ಪಟೆ, ಅಲ್ಲೇ ಚಳಿ.

ಇನ್ನೊಂದು ಮಾತು. ಅಲ್ಲಿನ ಬಸ್ಸು, ರೈಲು, ಅಂಗಡಿ, ತರಗತಿ ಎಲ್ಲ ಕಡೆ ಒಳಗೆ ಇಪ್ಪತ್ತು ಇಪ್ಪತ್ತೆರಡು ಡಿಗ್ರಿ ಇರುತ್ತದೆ. ಹತ್ತು ನಿಮಿಷ ನಡೆದು ಮೆಟ್ರೋ ಹತ್ತಿದವನು ದಪ್ಪ ಡೌನ್ ಒಳಗೆ ಬೆವರುತ್ತಾನೆ, ಆ ಬೆವರಿನ ತೇವವೇ ಡೌನಿಗೆ ಸೇರುತ್ತದೆ. ದಿನದ ಹೆಚ್ಚು ಹೊತ್ತು ಒಳಗೆ ಹೊರಗೆ ಮಾಡುವವರಿಗೆ ಉಣ್ಣೆಯೇ ಹಿತ. ಮೂರು ದಿನದ ಊಟಿ ಪ್ರವಾಸಕ್ಕೆ ಎರಡೂ ಬೇಡ, ಸ್ವೆಟರಿನ ಮೇಲೊಂದು ಗಾಳಿ ತಡೆಯುವ ಜಾಕೆಟ್ ಹಾಕಿದರೆ ಆಯಿತು.

ಉಣ್ಣೆ ಕೋಟು ಕೊಳ್ಳುವಾಗ ಒಳಗಿನ ಚೀಟಿಯಲ್ಲಿ ಮೊದಲು ನೋಡುವುದು ಶೇಕಡಾವಾರು. ಉಣ್ಣೆ 70–80ರ ಮೇಲಿದ್ದು ಉಳಿದದ್ದು ನೈಲಾನ್ ಇದ್ದರೆ ಒಳ್ಳೆಯದೇ, ನೈಲಾನ್ ಬಾಳಿಕೆ ಕೊಡುತ್ತದೆ. ‘ವೂಲ್ ಬ್ಲೆಂಡ್’ ಎಂದು ದೊಡ್ಡದಾಗಿ ಬರೆದು ಚೀಟಿಯಲ್ಲಿ 20 ಎಂದಿದ್ದರೆ ಅದು ಪಾಲಿಯೆಸ್ಟರ್ ಕೋಟು. ಚೀಟಿಯ ಮೇಲೆ ನಂಬಿಕೆ ಇಲ್ಲದಿದ್ದರೆ, ಕೊಂಡ ಮೇಲೆ ಒಳಹೊಲಿಗೆಯ ಅಂಚಿನಿಂದ ಒಂದು ದಾರ ಎಳೆದು ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಜ್ವಾಲೆ ತೆಗೆದ ಕೂಡಲೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಸುತ್ತಿಕೊಂಡು ಗಟ್ಟಿ ಮಣಿಯಾಗುತ್ತದೆ. ಮಿಶ್ರ ದಾರದಲ್ಲಿ ಎರಡೂ ಕಾಣುತ್ತದೆ, ಕೂದಲ ವಾಸನೆಯೂ ಹೌದು, ತುದಿಯಲ್ಲಿ ಸಣ್ಣ ಗಟ್ಟಿ ಹರಳೂ ಹೌದು.

ಆಮೇಲೆ ಬಟ್ಟೆಯ ಗಟ್ಟಿತನ. ಕೋಟಿನ ಒಂದು ಪದರವನ್ನು ಲೈನಿಂಗಿನಿಂದ ಬಿಡಿಸಿ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಂಥ ಬೆಳಕಿನ ಚುಕ್ಕಿಗಳು ಕಂಡರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಮೆಲ್ಟನ್ ಎಂಬ ಬಟ್ಟೆಯನ್ನು ನೇಯ್ದ ಮೇಲೆ ನೀರು, ಶಾಖ, ಒತ್ತಡ ಕೊಟ್ಟು ಎಳೆಗಳು ಒಂದರೊಳಗೊಂದು ಬೆಸೆಯುವ ಹಾಗೆ ಮಾಡಿರುತ್ತಾರೆ, ಅದರಲ್ಲಿ ನೇಯ್ಗೆಯೇ ಕಾಣುವುದಿಲ್ಲ. ಚದರ ಮೀಟರಿಗೆ 500 ಗ್ರಾಂ ಮೇಲಿನ ಮೆಲ್ಟನ್ ಇದ್ದರೆ ಚಳಿಗಾಲದ ಕೋಟು, 300ರ ಆಸುಪಾಸಿನದ್ದು ಅಕ್ಟೋಬರಿಗೆ ಸರಿ. ಹಾಕಿ ನೋಡುವಾಗ ಒಳಗೆ ದಪ್ಪ ಸ್ವೆಟರ್ ಇರಲಿ. ಹೆಗಲ ಹೊಲಿಗೆ ಹೆಗಲ ಮೂಳೆಯ ತುದಿಗೆ ಸರಿಯಾಗಿ ಕೂರಬೇಕು, ಎರಡೂ ಕೈ ಮುಂದೆ ಚಾಚಿದಾಗ ಬೆನ್ನು ಬಿಗಿಯಬಾರದು. ತೋಳಿನ ಉದ್ದವನ್ನು ಊರಿನ ದರ್ಜಿಯೂ ಸರಿ ಮಾಡಿಕೊಟ್ಟಾನು, ಹೆಗಲು ತಪ್ಪಿದರೆ ಯಾರಿಂದಲೂ ಆಗದು.

ಡೌನಿನಲ್ಲಿ ನೋಡಬೇಕಾದದ್ದು ಹೊಲಿಗೆ. ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ನೇರ ಸೇರಿಸಿ ಹೊಲಿದಿದ್ದರೆ ಪ್ರತಿ ಗೆರೆಯಲ್ಲೂ ಡೌನ್ ಇರುವುದಿಲ್ಲ, ಚಳಿ ಅಲ್ಲಿಂದ ಒಳಬರುತ್ತದೆ. ತೆಳು ಜಾಕೆಟ್ಟಿಗೆ ಇದು ಪರವಾಗಿಲ್ಲ. ಕಡುಚಳಿಯ ಪಾರ್ಕಾಗೆ ನಡುವೆ ಪುಟ್ಟ ಬಟ್ಟೆಗೋಡೆ ಕೊಟ್ಟು ಗೂಡು ಗೂಡಾಗಿ ಮಾಡಿರಬೇಕು. ಝಿಪ್ಪಿನ ಹಿಂದೆ ಡೌನ್ ತುಂಬಿದ ಪಟ್ಟಿ ಇದೆಯೇ, ಮಣಿಕಟ್ಟು ಬಿಗಿಯಾಗಿದೆಯೇ ಎಂದೂ ನೋಡಿ. ಚೀಟಿಯಲ್ಲಿ ಡೌನ್ 80, ಗರಿ 20 ಎಂದಿದ್ದರೆ ಸಾಧಾರಣ, 90–10 ಒಳ್ಳೆಯದು. ಬೆರಳಲ್ಲಿ ಅಮುಕಿದಾಗ ಗರಿಯ ಗಟ್ಟಿ ದಂಟುಗಳು ತುಂಬ ಸಿಕ್ಕಿದರೆ ಅಂಕಿ ಏನೇ ಇರಲಿ, ಬಿಟ್ಟುಬಿಡಿ. ಹೊರಗೆ ಡೌನ್ ಜಾಕೆಟ್ಟಿನ ಹಾಗೆಯೇ ಉಬ್ಬು ಪಟ್ಟಿ ಇದ್ದು ಒಳಗೆ ಬರೀ ಪಾಲಿಯೆಸ್ಟರ್ ನಾರು ತುಂಬಿದವು ಬೇಕಾದಷ್ಟಿವೆ. ಅವೇನು ಕೆಟ್ಟವಲ್ಲ, ಚಂಡಿಯಾದರೂ ತಕ್ಕಮಟ್ಟಿಗೆ ಬೆಚ್ಚಗಿರುತ್ತವೆ, ಬೇಗ ಒಣಗುತ್ತವೆ. ಡೌನಿನ ಬೆಲೆ ಕೊಡಬಾರದು, ಅಷ್ಟೆ.

ಹಕ್ಕಿಯ ಗರಿ ಎಂದು ಹಿಂಜರಿಯುವ ಮನೆಗಳು ನಮ್ಮಲ್ಲಿ ಇವೆ. ಡೌನ್ ಬಹುಪಾಲು ಮಾಂಸದ ಉದ್ದಿಮೆಯ ಉಪಉತ್ಪನ್ನ. ಬದುಕಿರುವ ಹಕ್ಕಿಯಿಂದ ಕೀಳುವ ಕ್ರೂರ ಪದ್ಧತಿಯೂ ಇತ್ತು, ಅದನ್ನು ತಡೆಯಲೆಂದು 2014ರಿಂದ ‘ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್’ ಎಂಬ ಪ್ರಮಾಣಪತ್ರ ಇದೆ, ಚೀಟಿಯಲ್ಲಿ ಅದರ ಗುರುತು ನೋಡಬಹುದು. ಉಣ್ಣೆಯನ್ನು ಕುರಿ ಕೊಲ್ಲದೆ ಕತ್ತರಿಸುತ್ತಾರೆ ಎಂಬ ಸಮಾಧಾನ ಇದೆ, ಆದರೆ ಆಸ್ಟ್ರೇಲಿಯಾದ ಮೆರಿನೋ ಮರಿಗಳ ಹಿಂಭಾಗದ ಚರ್ಮ ಕೊಯ್ಯುವ ಪದ್ಧತಿ ಗೊತ್ತಿದ್ದವರಿಗೆ ಅದೂ ಪೂರ್ತಿ ಸಮಾಧಾನವಲ್ಲ. ಹುಳು ಸಹಿತ ಗೂಡು ಬೇಯಿಸಿ ತೆಗೆದ ರೇಷ್ಮೆಯನ್ನು ಮಡಿಗೆ ಉಡುವ ಮನೆಯಲ್ಲಿ ಈ ಚರ್ಚೆ ಎಲ್ಲಿಗೆ ನಿಲ್ಲಬೇಕೆಂದು ಮನೆಯವರೇ ತೀರ್ಮಾನಿಸಬೇಕು.

ಕೋಟಿನ ನಿಜವಾದ ಪರೀಕ್ಷೆ ಅದು ಊರಿಗೆ ಬಂದ ಮೇಲೆ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಗಾಳಿಯ ತೇವಾಂಶ ಶೇಕಡಾ 70 ದಾಟಿ ಕೆಲವು ದಿನ ನಿಂತರೆ ಬೂಸ್ಟಿಗೆ ಅಷ್ಟು ಸಾಕು. ಆಟಿಯಲ್ಲಿ ನಮ್ಮ ಕಪಾಟಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಇರುತ್ತದೆ. ಚರ್ಮದ ಚಪ್ಪಲಿ, ಪುಸ್ತಕದ ಬೆನ್ನು ಬಿಳಿಯಾಗುವ ಹಾಗೆಯೇ ಕೋಟೂ ಬಿಳಿಯಾಗುತ್ತದೆ. ಉಣ್ಣೆಗೆ ಅದರ ಜೊತೆ ನುಸಿಯ ಕಾಟ. ಬಟ್ಟೆ ತಿನ್ನುವುದು ಹಾರುವ ಪತಂಗ ಅಲ್ಲ, ಅದರ ಮರಿಹುಳು. ಅದಕ್ಕೆ ಬೇಕಾದದ್ದು ಕೆರಾಟಿನ್ ಎಂಬ ಪ್ರೋಟೀನು. ಉಣ್ಣೆ, ಕೂದಲು, ಗರಿ ಎಲ್ಲ ಅದೇ ಆದ್ದರಿಂದ ಡೌನ್ ಕೂಡ ಅದರ ಆಹಾರವೇ. ಬಿಗಿ ನೇಯ್ಗೆಯ ನೈಲಾನ್ ಹೊದಿಕೆ ಹುಳುವನ್ನು ಹೊರಗೆ ನಿಲ್ಲಿಸುತ್ತದೆ, ಹಾಗಾಗಿ ತೂತಿಲ್ಲದ ಡೌನ್ ಜಾಕೆಟ್ ಈ ವಿಷಯದಲ್ಲಿ ಪಾರು. ಹುಳುವಿಗೆ ಎಲ್ಲಕ್ಕಿಂತ ಇಷ್ಟ ಬೆವರು, ಸಾಂಬಾರಿನ ಕಲೆ ಹತ್ತಿದ ಜಾಗ. ಒಗೆಯದೆ ಒಳಗಿಟ್ಟ ಕೋಟಿನ ಕಾಲರು, ಕಂಕುಳು ಮೊದಲು ತೂತಾಗುವುದು ಇದಕ್ಕೇ.

ಅಂದಮೇಲೆ ಒಳಗಿಡುವ ಮೊದಲು ಶುಚಿ. ಉಣ್ಣೆ ಕೋಟನ್ನು ಏಪ್ರಿಲಿನಲ್ಲಿ ಡ್ರೈಕ್ಲೀನಿಗೆ ಕೊಡಿ, ಮನೆಯಲ್ಲಿ ಬಿಸಿನೀರಿಗೆ ಹಾಕಿ ಕುಕ್ಕಿದರೆ ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕೋಟು ಶಾಶ್ವತವಾಗಿ ಕುಗ್ಗುತ್ತದೆ. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲವನ್ನು ಅದೇ ದಿನ ತೆಗೆದುಬಿಡಿ. ಚಂದಕ್ಕೆ ಹಾಗೇ ಇಡುವವರೇ ಹೆಚ್ಚು, ಅದರೊಳಗೆ ಸಿಕ್ಕಿದ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಬೂಸ್ಟಿಗೆ ಅನುಕೂಲವಾಗುತ್ತದೆ. ಒಂದು ದಿನ ನೆರಳಲ್ಲಿ ಗಾಳಿಗೆ ಹಾಕಿ, ಒಗೆದ ಹಳೇ ಪಂಚೆಯಲ್ಲಿ ಚೀಲದ ಹಾಗೆ ಹೊಲಿದು ಮುಚ್ಚಿ, ಅಗಲ ಹೆಗಲಿನ ಮರದ ಹ್ಯಾಂಗರಿಗೆ ತೂಗಿಸಿ. ತಂತಿಯ ಹ್ಯಾಂಗರಿಗೆ ಹಾಕಿದರೆ ಎರಡು ಕೆ.ಜಿ. ಭಾರಕ್ಕೆ ಹೆಗಲಲ್ಲಿ ಕೊಂಬು ಮೂಡುತ್ತದೆ, ಅದು ಇಸ್ತ್ರಿಗೂ ಹೋಗುವುದಿಲ್ಲ.

ಹೊರಗೋಡೆಗೆ ಒತ್ತಿದ ಕಪಾಟಾದರೆ ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆಯಿರಿ. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರಿ ಥಂಡಿಯಾಗಿರುತ್ತದೆ. ಸಿಲಿಕಾ ಜೆಲ್ ಅರ್ಧ ಕೆ.ಜಿ.ಯಷ್ಟಾದರೂ ತೆಳು ಬಟ್ಟೆಯ ಗಂಟು ಕಟ್ಟಿ ಇಡಿ. ಔಷಧದ ಬಾಟ್ಲಿಯಲ್ಲಿ ಬಂದ ಪೊಟ್ಟಣ ನಾಲ್ಕು ಹಾಕಿದರೆ ಏನೂ ಆಗದು. ಬಣ್ಣ ಬದಲಾಗುವ ಹರಳು ತಂದರೆ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ಆಗ ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಕಾಯಿಸಿ ಪುನಃ ಬಳಸಬಹುದು. ಬಾಗಿಲು ಸಡಿಲವಿರುವ ಕಪಾಟಿನಲ್ಲಿ ಇದೆಲ್ಲ ವ್ಯರ್ಥ, ಇಡೀ ಮಳೆಗಾಲವನ್ನು ಒಣಗಿಸಲು ಹೊರಟ ಹಾಗೆ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಗಳು ತೇವವನ್ನು ಚೆನ್ನಾಗಿ ಎಳೆಯುತ್ತವೆ, ಆದರೆ ಎಳೆದ ನೀರು ಡಬ್ಬದಲ್ಲೇ ನಿಲ್ಲುತ್ತದೆ. ಮಗುಚಿದರೆ ಕೋಟಿನ ಮೇಲೆ ಆರದ ಅಂಟು ಕಲೆ.

ನುಸಿಗುಳಿಗೆ (ನ್ಯಾಫ್ತಲೀನ್) ಹಾಕುವವರು ಬಟ್ಟೆಗೆ ತಾಗದ ಹಾಗೆ ಮೇಲುಗಡೆ ಪೊಟ್ಟಣದಲ್ಲಿ ತೂಗಿಸಬೇಕು, ಅದರ ಆವಿ ಕೆಳಗೆ ಇಳಿಯುತ್ತದೆ. ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಮಾತ್ರ ಅದು ಕೆಲಸ ಮಾಡುವುದು. ಅದರ ಜೊತೆ ಕರ್ಪೂರ ಸೇರಿಸಬೇಡಿ. ಎರಡೂ ಒಂದಕ್ಕೊಂದು ತಾಗಿದರೆ ನಮ್ಮ ಸೆಕೆಗೇ ಕರಗಿ ಎಣ್ಣೆಯ ಹಾಗೆ ಇಳಿದುಬಿಡುತ್ತವೆ. ಬಾಣಂತಿ ಮಗು ಇರುವ ಮನೆಯಲ್ಲಿ ನ್ಯಾಫ್ತಲೀನ್ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಅದು ರಕ್ತಕಣಗಳನ್ನು ಒಡೆಯುತ್ತದೆ. ಹುಳು ಹತ್ತಿದ್ದು ಖಾತ್ರಿಯಾದರೆ ಡ್ರೈಕ್ಲೀನ್ ಮಾಡಿಸಿ. ಸ್ವೆಟರಿನಂಥ ಸಣ್ಣದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೈನಸ್ 18ರ ಫ್ರೀಝರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದು ಕೋಣೆಯ ಬಿಸಿಗೆ ಬಂದ ಮೇಲೆಯೇ ಚೀಲ ಬಿಚ್ಚಿ.

ಡೌನನ್ನು ತೂಗಿಸಬೇಕೆಂದಿಲ್ಲ, ಆದರೆ ಅದುಮಿ ಇಡಬಾರದು. ಗಾಳಿ ಎಳೆದು ಅಂಗೈಯಗಲ ಮಾಡುವ ಪ್ಲಾಸ್ಟಿಕ್ ಚೀಲ ಪ್ರಯಾಣದ ಎರಡು ದಿನಕ್ಕೆ ಸರಿ. ಅದರಲ್ಲೇ ವರ್ಷ ಕಳೆದರೆ ಎಳೆಗಳು ಮುರಿದು ಉಬ್ಬು ಪೂರ್ತಿ ಮರಳುವುದಿಲ್ಲ. ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ಹಾಕಿ ಕಪಾಟಿನ ಮೇಲಿನ ತಟ್ಟಿನಲ್ಲಿ ಇಟ್ಟರಾಯಿತು.

ಡೌನ್ ಒಗೆಯುವುದು ಮಾತ್ರ ಇಲ್ಲಿನ ದೊಡ್ಡ ಸವಾಲು. ಡ್ರೈಯರ್ ಇರುವ ದೇಶದಲ್ಲಿ ಕಡಿಮೆ ಬಿಸಿಗೆ ಎರಡು ಮೂರು ಟೆನಿಸ್ ಚೆಂಡು ಹಾಕಿ ತಿರುಗಿಸಿದರೆ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, ಚೆಂಡು ಬಡಿದು ಮುದ್ದೆ ಒಡೆಯುತ್ತದೆ. ಆದ್ದರಿಂದ ಊರಿಗೆ ಹೊರಡುವ ಮೊದಲೇ ಅಲ್ಲೇ ಒಗೆದು ತರುವುದು ಬುದ್ಧಿವಂತಿಕೆ. ಇಲ್ಲೇ ಆಗಬೇಕೆಂದರೆ ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ, ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ ಆ ಯೋಚನೆ ಬೇಡ. ನಡುವೆ ಕಂಬ ಇರುವ ಟಾಪ್ ಲೋಡ್ ಮಿಷನ್ ಹೊಲಿಗೆ ಹರಿಯುತ್ತದೆ, ದೊಡ್ಡ ಟಬ್ಬಿನಲ್ಲಿ ಕೈಯಲ್ಲೇ ಒಗೆಯುವುದು ಕ್ಷೇಮ. ಝಿಪ್ಪು ಹಾಕಿ, ಡೌನಿಗೆಂದೇ ಇರುವ ದ್ರವ ಸಾಬೂನು ಬಾಟ್ಲಿಯಲ್ಲಿ ಹೇಳಿದಷ್ಟೇ ಹಾಕಿ. ನೀರು 30 ಡಿಗ್ರಿ ಇರಲಿ ಎನ್ನುತ್ತಾರೆ, ನಮ್ಮ ಟ್ಯಾಂಕಿನ ನೀರು ಹೇಗೂ ಅಷ್ಟೇ ಇರುತ್ತದೆ. ಕೊಳವೆಬಾವಿ ನೀರು ನಿಂತು ಕೆಂಪಾಗುವ ಮನೆಯಾದರೆ ಅದು ಬೇಡ, ತಿಳಿಬಣ್ಣದ ಜಾಕೆಟ್ ಹಳದಿಯಾಗುತ್ತದೆ. ತೆರೆದ ಬಾವಿಯದ್ದೋ ಗುಡ್ಡ ಕೊರೆದ ಸುರಂಗದ್ದೋ ನೀರು ತನ್ನಿ. ನೊರೆ ಪೂರ್ತಿ ಹೋಗುವ ತನಕ ಮೂರು ನಾಲ್ಕು ಸಲ ಜಾಲಾಡಿಸಬೇಕು, ಉಳಿದ ಸಾಬೂನು ಡೌನನ್ನು ಅಂಟಿಸಿಯೇ ಇಡುತ್ತದೆ. ಹಿಂಡಬೇಡಿ, ಅಂಗೈಯಿಂದ ಒತ್ತಿ ನೀರು ಇಳಿಸಿ. ಎತ್ತುವಾಗ ಮಗುವನ್ನು ಎತ್ತುವಂತೆ ಎರಡೂ ಕೈ ಅಡಿಗೆ ಕೊಡಿ. ಹೆಗಲು ಹಿಡಿದು ಎಳೆದರೆ ನೀರಿನ ಭಾರಕ್ಕೆ ಒಳಗಿನ ಬಟ್ಟೆಗೋಡೆಗಳು ಕಿತ್ತು ಡೌನೆಲ್ಲ ಕೆಳಗೆ ಸೇರುತ್ತದೆ.

ಒಣಗಿಸಲು ಹಗ್ಗ ಬೇಡ. ಗಾಳಿಯಾಡುವ ತಟ್ಟಿಯ ಮೇಲೆ ನೆರಳಲ್ಲಿ ಹರಡಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು ಇದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಆದರೆ ಹಸಿ ಅಡಿಕೆ ಹರಡಿದ ವಾರ ಅಲ್ಲ, ಅದರ ಆವಿಯೇ ಗೂಡು ತುಂಬಿರುತ್ತದೆ. ಅಡಿಕೆ ಗಲಗಲ ಅನ್ನುವ ಹಂತಕ್ಕೆ ಬಂದ ಮೇಲೆ, ಕಲೆ ತಾಗದ ಹಾಗೆ ಅಡಿಗೂ ಬಿಸಿಲಿಗೆ ಬಣ್ಣ ಹೋಗದ ಹಾಗೆ ಮೇಲೂ ಬೆಡ್‌ಶೀಟು ಹಾಸಿ ಇಡಿ. ಮೊದಲ ದಿನ ಜಾಕೆಟ್ ನೋಡಿದರೆ ಹಾಳಾಯಿತೆಂದೇ ಅನಿಸುತ್ತದೆ, ಹೊಲಿಗೆಯ ಒಂದೊಂದು ಗೂಡಿನ ಮೂಲೆಯಲ್ಲಿ ಹುಣಸೆಬೀಜದಷ್ಟು ಮುದ್ದೆ, ಉಳಿದದ್ದೆಲ್ಲ ಖಾಲಿ ಬಟ್ಟೆ. ಗಂಟೆಗೊಮ್ಮೆ ಆ ಮುದ್ದೆಯನ್ನು ಬಟ್ಟೆಯ ಹೊರಗಿನಿಂದಲೇ ಎರಡು ಬೆರಳಲ್ಲಿ ಬಿಡಿಸಿ, ಜಾಕೆಟ್ ಮಗುಚಿ ಹಾಕಿ ಮೆಲ್ಲಗೆ ತಟ್ಟಬೇಕು. ಎರಡನೇ ದಿನ ಅರಳಲು ಶುರುವಾಗುತ್ತದೆ. ಮುಟ್ಟಿದರೆ ಒಣಗಿದೆ ಎನಿಸಿದ ಮೇಲೂ ಇನ್ನೆರಡು ದಿನ ಬಿಡಿ. ಬೆಳಕಿಗೆ ಹಿಡಿದಾಗ ಎಲ್ಲೂ ಕಪ್ಪು ಗಂಟು ಕಾಣಬಾರದು, ಮೂಗಿಗೆ ಹಿಡಿದಾಗ ಚಂಡಿ ಕೋಳಿಯ ವಾಸನೆ ಬರಬಾರದು.

ಈಗಾಗಲೇ ಬೂಸ್ಟು ಹಿಡಿದ ಉಣ್ಣೆ ಕೋಟನ್ನು ಮನೆಯೊಳಗೆ ಕೊಡವಬೇಡಿ, ಪುಡಿ ಉಳಿದ ಬಟ್ಟೆಗೂ ಹರಡುತ್ತದೆ. ಬಿಸಿಲು ಬಿದ್ದ ದಿನ ಅಂಗಳದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉಜ್ಜಿ, ಒಂದೆರಡು ಗಂಟೆ ಬಿಸಿಲಿಗೆ ಹಾಕಿ, ಆಮೇಲೆ ಡ್ರೈಕ್ಲೀನಿಗೆ ಕೊಡುವಾಗ ಬೂಸ್ಟು ಹಿಡಿದಿತ್ತೆಂದು ಹೇಳಿಯೇ ಕೊಡಿ. ಡೌನಿನ ಒಳಗೇ ಬೂಸ್ಟು ಸೇರಿದ್ದರೆ ಆಸೆ ಬಿಡುವುದೇ ಒಳ್ಳೆಯದು, ಆ ವಾಸನೆ ಒಗೆದರೂ ಹೋಗುವುದಿಲ್ಲ.

ಇಷ್ಟೆಲ್ಲ ಉಪಚಾರ ಆಗದ ಮನೆಗಳಿಗೆ ನನ್ನ ಸಲಹೆ, ಡೌನನ್ನು ಊರಿಗೆ ತರಲೇಬೇಡಿ. ಅಲ್ಲೇ ಗೆಳೆಯರಿಗೆ ಕೊಟ್ಟು ಬನ್ನಿ. ಎರಡು ತಿಂಗಳ ಮಟ್ಟಿಗೆ ಹೋಗುವ ಅಪ್ಪ ಅಮ್ಮಂದಿರಿಗೆ ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯದು ಸಿಗುತ್ತದೆ. ಕೊಳ್ಳುವಾಗ ಡೌನ್ ಜಾಕೆಟ್ಟನ್ನು ಮುಷ್ಟಿಯಲ್ಲಿ ಅದುಮಿ ಬಿಟ್ಟು ನೋಡಿ, ಕೆಲವು ಕ್ಷಣದಲ್ಲಿ ಮೇಲೇಳಬೇಕು. ಹೊಲಿಗೆಯಿಂದ ಗರಿ ಇಣುಕುತ್ತಿದ್ದರೆ ಎಳೆಯಬೇಡಿ, ಒಂದನ್ನು ಎಳೆದರೆ ಅದರ ತೂತಿನಿಂದ ಇನ್ನೆರಡು ಬರುತ್ತವೆ. ಒಳಬದಿಯಿಂದ ಹಿಡಿದು ಹಿಂದಕ್ಕೆ ಸೆಳೆದುಕೊಳ್ಳಬೇಕು. ಉಣ್ಣೆ ಕೋಟಾದರೆ ಕಾಲರ್ ಎತ್ತಿ ಅಡಿಭಾಗ, ಜೇಬಿನ ಮುಚ್ಚಳದ ಒಳಗು, ಕಂಕುಳು ಇಷ್ಟನ್ನು ಬೆಳಕಿಗೆ ಹಿಡಿಯಿರಿ. ನುಸಿಹುಳುವಿನ ಅಕ್ಕಿಕಾಳಿನಷ್ಟು ಬಿಳಿ ಗೂಡು ಕಂಡರೆ, ಎಷ್ಟೇ ಅಗ್ಗವಾದರೂ ಅಲ್ಲೇ ನೇತುಹಾಕಿ ಬನ್ನಿ.